ಮೇಲ್ಮಹಡಿಯ ಡಿಜಿಟಲ್ ಪೆಟ್ಟಿಗೆಯವರಿಗೆ ಕೆಳಗಿನ ಕ್ಷೌರದಂಗಡಿಯಿಂದ ಒಂದು ಬಿನ್ನಹ

ನಮ್ಮ ಮೇಲ್ಮಹಡಿಯ ಕೋಣೆಯಲ್ಲಿ ಬೂದು ಬಣ್ಣದ ಕವಚ ತೊಟ್ಟು, ಹಸಿರು ಕಣ್ಣುಗಳನ್ನು ಪಿಳಿಪಿಳಿಸುತ್ತ ವಿರಾಜಮಾನರಾಗಿರುವ ಡಿಜಿಟಲ್ ನಿಯಂತ್ರಣ ಪೆಟ್ಟಿಗೆಯವರ ಸನ್ನಿಧಾನಕ್ಕೆ, ಅದೇ ಮನೆಯ ಕೆಳಗಡೆ ಕ್ಷೌರದಂಗಡಿ ನಡೆಸುವ ಕಾಜಿತಾನಿ ಫುಸಾಯೊ ಎಂಬ ಹೆಂಗಸು ಸೊಂಟ ಬಾಗಿಸಿ ಮಾಡುವ ವಂದನೆಗಳು.

ಮಾನ್ಯರೇ,

ಹಿತ್ತಲ ಕಾಕಿ ಮರದ ಹಣ್ಣು ಕೆಂಪಾಗಿ, ಕಾಗೆಗಳು ನಮಗಿಂತ ಮೊದಲೇ ಅದರ ರುಚಿ ನೋಡಿಹೋಗುವ ಈ ತಂಪು ದಿನಗಳಲ್ಲಿ ತಾವು ಬೆಚ್ಚಗೆ, ಕ್ಷೇಮವಾಗಿ ಇದ್ದೀರೆಂದು ನಂಬಿದ್ದೇನೆ. ಬೆಚ್ಚಗಿರಲೇಬೇಕು. ಅಂಗಡಿಯಲ್ಲಿ ನನ್ನ ಕಾಲಬಳಿ ಉರಿಯುತ್ತಿದ್ದ ಸೀಮೆಎಣ್ಣೆ ಒಲೆಯನ್ನು, ತಮಗೆ ಥಂಡಿ ತಗುಲಬಾರದೆಂದು ಮಹಡಿಗೆ ಹೊತ್ತೊಯ್ದಿದ್ದಾರೆ. ಈ ಪತ್ರದ ಒಂದು ಪ್ರತಿಯನ್ನು ಅಂಗಡಿಯ ಗಾಜಿನ ಬಾಗಿಲಿಗೂ ಅಂಟಿಸಿರುವುದಕ್ಕೆ ಕ್ಷಮೆಯಿರಲಿ. ಹಿಗಾಶಿಮಾಚಿ ಅಂಗಡಿಬೀದಿಯವರು ಹೇಗಿದ್ದರೂ ವಿಷಯವನ್ನು ಅರ್ಧಂಬರ್ಧ ಬಲ್ಲರು. ಪೂರ್ತಿ ಬಲ್ಲವರಾದರೆ ಕ್ಷೌರದ ನಡುವೆ ನನ್ನನ್ನು ಕೇಳುವುದನ್ನಾದರೂ ನಿಲ್ಲಿಸಿಯಾರು.

ತಮ್ಮ ಮೇಲೆ ದೂರು ಹೇಳುವುದು ನನಗೆ ಸಂಕೋಚದ ಸಂಗತಿ. ಬೋಳಿಸುವುದು ನನ್ನ ಕಸುಬು. ಹೀಗಿದ್ದೂ ನನ್ನ ತಲೆಯನ್ನೇ ಇಷ್ಟು ನುಣ್ಣಗೆ ಬೋಳಿಸಿದವರು ತಾವೊಬ್ಬರೇ ಎಂಬುದನ್ನು ಒಬ್ಬ ಕಸುಬುದಾರಳಾಗಿ ಮೆಚ್ಚದೆ ಇರಲಾರೆ.

ತಾವು ಬರುವ ಮೊದಲಿನ ಸ್ಥಿತಿಯನ್ನು ತಮಗೆ ಯಾರೂ ಹೇಳಿರಲಾರರು. ನಮ್ಮ ಯಜಮಾನರಾದ ಶಿಗೆನೋರಿಯವರು ಟಟಾಮಿ ಚಾಪೆ ಹೊಲಿಯುವವರು. ಎಬಿಸಾವಾ ಮುನೆಹಾರು ಅವರು ಇದೇ ಬೀದಿಯ ಹಲ್ಲಿನ ಡಾಕ್ಟರು. ಇಬ್ಬರೂ ಪ್ರಾಥಮಿಕ ಶಾಲೆಯಲ್ಲಿ ಒಂದೇ ಬೆಂಚಿನವರು, ಒಂದೇ ಹುಚ್ಚಿನವರು. ನನಗೆ ಮದುವೆಯಾದ ದಿನದಿಂದಲೂ ಪ್ರತಿ ಸೋಮವಾರ, ಎಂದರೆ ಅಂಗಡಿಗೆ ರಜೆಯಿದ್ದು ನಾನು ಕಾಲು ಚಾಚಿ ಮಲಗಬಹುದಾದ ಏಕೈಕ ದಿನ, ಇಬ್ಬರೂ ಮಹಡಿ ಹತ್ತಿ ಪುಟ್ಟ ರೈಲು ಓಡಿಸುತ್ತಾರೆ. ಮೇಜುಗಳ ಮೇಲೆ ಹರಡಿರುವ ಆ ಪುಟ್ಟ ಊರನ್ನು ತಾವೂ ದಿನವೂ ನೋಡುತ್ತಿದ್ದೀರಿ. ಅಲ್ಲಿನ ಗದ್ದೆಗಳೆಲ್ಲ ಚಾಪೆಯ ಹುಲ್ಲಿನ ಚೂರುಗಳು, ಬೆಟ್ಟಗಳೆಲ್ಲ ಡಾಕ್ಟರು ಹಲ್ಲಿನ ಅಚ್ಚು ತೆಗೆಯುವ ಗಾರೆ, ಬೆಟ್ಟದ ಮೇಲೆ ಸೊಂಪಾಗಿ ಬೆಳೆದಿರುವ ಹಸಿರು ನನ್ನ ಅಂಗಡಿಯ ನೆಲದಿಂದ ಗುಡಿಸಿ ಬಣ್ಣ ಕಟ್ಟಿದ ಕೂದಲು. ಸುರಂಗದ ಮೇಲಿನ ಹುಲ್ಲು ನಿವೃತ್ತ ಅಂಚೆಯವರಾದ ಓಗಿನೋ ಅವರದು. ಅವರು ಈ ರೈಲು ಸಂಘದ ಮೂರನೆಯ ಹಾಗೂ ಕೊನೆಯ ಸದಸ್ಯರು. ತಲೆಯ ಮೇಲೆ ಉಳಿಯದ್ದು ಬೆಟ್ಟದ ಮೇಲಾದರೂ ಉಳಿಯಿತಲ್ಲ ಎಂದು ಬಂದಾಗಲೆಲ್ಲ ಅದನ್ನು ಸವರಿ ನೋಡುತ್ತಾರೆ.

ಆ ಕಾಲದಲ್ಲಿ ರೈಲನ್ನು ಆಳುತ್ತಿದ್ದುದು ಒಂದು ದುಂಡನೆಯ ಗುಂಡಿ. ಗುಂಡಿ ತಿರುಗಿಸಿದಷ್ಟು ವಿದ್ಯುತ್ತು ಹಳಿಗೆ, ಹಳಿಯಲ್ಲಿ ಹರಿದಷ್ಟು ಓಟ ರೈಲಿಗೆ, ಶಾಸ್ತ್ರ ಇಷ್ಟೇ. ಒಂದೇ ಹಳಿಯ ಮೇಲೆ ಎರಡು ಇಂಜಿನ್ ನಿಂತಿದ್ದರೆ ಎರಡೂ ಒಟ್ಟಿಗೇ ಹೊರಟುಬಿಡುವುದರಿಂದ, ಹಳಿಯನ್ನು ತುಂಡುತುಂಡಾಗಿ ವಿಂಗಡಿಸಿ, ತುಂಡಿಗೊಂದು ಸ್ವಿಚ್ಚಿನಂತೆ ನಮ್ಮವರು ಒಂದು ಹಲಗೆಯ ತುಂಬ ಸ್ವಿಚ್ಚು ನೆಟ್ಟಿದ್ದರು. ಒಂದು ರೈಲನ್ನು ನಿಲ್ದಾಣಕ್ಕೆ ತರುವಷ್ಟರಲ್ಲಿ ಅವರ ಕೈಗಳು ಕೊಟೋ ವಾದ್ಯ ನುಡಿಸುವವಳ ಬೆರಳುಗಳಂತೆ ಆ ಹಲಗೆಯ ಮೇಲೆಲ್ಲ ಓಡಾಡುತ್ತಿದ್ದವು. ಡಾಕ್ಟರು ಗುಂಡಿ ಹಿಡಿಯುತ್ತಿದ್ದರು, ನಮ್ಮವರು ಸ್ವಿಚ್ಚು. ನಾನು ಕೆಳಗೆ ಮಲಗಿ ಚಾವಣಿಯ ಗುರುಗುರು ಕೇಳುತ್ತ ನಿದ್ದೆ ಹೋಗುತ್ತಿದ್ದೆ. ಅದನ್ನು ಸುಖವೆಂದು ಕರೆಯುತ್ತಾರೆಂಬುದು ತಾವು ಬಂದ ಮೇಲೆಯೇ ನನಗೆ ತಿಳಿದದ್ದು. ಈ ಜ್ಞಾನೋದಯಕ್ಕಾಗಿ ತಮಗೆ ಅನಂತ ಧನ್ಯವಾದಗಳು.

ತಾವು ಆಗಮಿಸಿದ್ದು ಒಂದು ವಸಂತದ ಸೋಮವಾರ, ನೇರಳೆ ಬಣ್ಣದ ಗಂಟುಬಟ್ಟೆಯಲ್ಲಿ, ಮದುವಣಗಿತ್ತಿಯಂತೆ, ಡಾಕ್ಟರ ತೋಳಿನಲ್ಲಿ. ಅವರು ದವಾಖಾನೆ ಮುಚ್ಚಿ ಹೆಚ್ಚು ದಿನವಾಗಿರಲಿಲ್ಲ. ಬೇರೆಯವರ ಬಾಯಿ ನೋಡಿ ನೋಡಿ ಬೇಸರವಾಯಿತು ಎಂದು ಅವರು ಎಲ್ಲರಿಗೂ ಹೇಳಿದ್ದರು. ಗಂಟು ಬಿಚ್ಚಿ, ತಮ್ಮನ್ನು ಮೇಜಿನ ಮೇಲಿಟ್ಟು, ಒಂದು ಉಪನ್ಯಾಸವನ್ನೇ ಕೊಟ್ಟರು. ಇನ್ನು ಮೇಲೆ ಹಳಿಯಲ್ಲಿ ವಿದ್ಯುತ್ತು ಸದಾ ಒಂದೇ ಸಮ ಹರಿಯುತ್ತದೆ. ಪ್ರತಿ ಇಂಜಿನ್ನಿನ ಹೊಟ್ಟೆಯಲ್ಲೂ ಒಂದು ಪುಟ್ಟ ಎಲೆಕ್ಟ್ರಾನಿಕ್ ಚಿಪ್ಪು, ಪ್ರತಿ ಚಿಪ್ಪಿಗೂ ಒಂದು ನಂಬರು. ತಾವು ಯಾವ ನಂಬರನ್ನು ಕೂಗುತ್ತೀರೋ ಅದು ಮಾತ್ರ ಹೊರಡುತ್ತದೆ, ಮಿಕ್ಕವು ಮಿಸುಕುವುದಿಲ್ಲ. ದೀಪ ಬೆಳಗುತ್ತದೆ, ಸಿಳ್ಳೆ ಹೊಡೆಯುತ್ತದೆ, ಸ್ವಿಚ್ಚಿನ ಹಲಗೆಯ ಅಗತ್ಯವೇ ಇಲ್ಲ ಎಂದರು. ಸ್ವಿಚ್ಚಿನ ಹಲಗೆಯ ಅಗತ್ಯವೇ ಇಲ್ಲ ಎಂಬ ಮಾತನ್ನು ಅವರು ಆ ಹಲಗೆ ಮಾಡಿದವರ ಎದುರೇ ಹೇಳಿದ್ದು, ನಾನು ಬಾರ್ಲಿ ಚಹಾ ಇಡಲೆಂದು ಮೇಲೆ ಹೋಗಿದ್ದಾಗ.

"ಅಗತ್ಯ ಇಲ್ವಾ?" ಎಂದರು ನಮ್ಮವರು.

"ಇಲ್ಲ ಕಣೋ ಶಿಗೆ. ಕಾಲ ಬದಲಾಗಿದೆ."

"ಹಾಗಾದ್ರೆ ನನ್ನ ಅಗತ್ಯಾನೂ ಇಲ್ಲ ಅನ್ನು. ರೈಲು ಓಡಿಸೋಕೆ ಕೈ ಬೇಕಯ್ಯಾ, ಕೈ! ನಿನ್ನ ಪೆಟ್ಟಿಗೆಗೆ ಕೈಯಿದೆಯಾ?"

"ಅದಕ್ಕೆ ತಲೆ ಇದೆ. ನಿನಗೂ ಒಂದಿದ್ದಿದ್ರೆ ಅರ್ಥವಾಗ್ತಿತ್ತು."

ಮತಕ್ಕೆ ಹಾಕೋಣವೆಂದು ಓಗಿನೋ ಅವರನ್ನು ಕರೆದರು. ಅವರು ಅಡ್ಡಗೋಡೆಯ ಮೇಲೆ ದೀಪವಿಡುವುದನ್ನೇ ಬದುಕಾಗಿ ಮಾಡಿಕೊಂಡವರು. ನಮ್ಮವರು ಮಾತಾಡಿದ ಮೇಲೆ "ಗುಂಡಿಯಂಥದ್ದು ಇನ್ನೊಂದಿಲ್ಲ ಬಿಡಿ" ಎಂದರು. ಡಾಕ್ಟರು ಮಾತಾಡಿದ ಮೇಲೆ "ಮುಂದೆ ಹೋಗ್ಬೇಕಾದ್ದೇ ಅಲ್ವಾ" ಎಂದರು. ನಾನು ತಟ್ಟೆ ಮುಂದಿಟ್ಟಾಗ "ಗೆಣಸು ಚೆನ್ನಾಗಿ ಸುಟ್ಟಿದ್ದೀರಿ" ಎಂದು ಸಭೆಯನ್ನು ಮುಕ್ತಾಯಗೊಳಿಸಿದರು.

ಇಷ್ಟರಲ್ಲೇ ನಿಂತಿದ್ದರೆ ನಾನು ಕಾಗದ ಬರೆಯುತ್ತಿರಲಿಲ್ಲ. ಡಾಕ್ಟರು ತಮ್ಮ ಇಂಜಿನ್‌ಗಳನ್ನೆಲ್ಲ ಚಿಪ್ಪು ಹಾಕಿಸಲು ಹಿರೋಶಿಮಾದ ಒಂದು ಅಂಗಡಿಗೆ ಕೊರಿಯರಿನಲ್ಲಿ ಕಳಿಸಿಕೊಟ್ಟರು. ಜೀವಮಾನವಿಡೀ ದವಡೆಯ ಮೂಲೆಯಲ್ಲಿ ಸೂಜಿಯಷ್ಟು ತೂತಿಗೆ ಬೆಳ್ಳಿ ತುಂಬಿದ ಮನುಷ್ಯ ತನ್ನ ರೈಲಿನ ಹೊಟ್ಟೆಯನ್ನು ಪರವೂರಿನವರಿಂದ ಕೊಯ್ಯಿಸಿಕೊಂಡನೆಂದು ನಮ್ಮವರು ಬೀದಿಯಲ್ಲೆಲ್ಲ ಆಡಿಕೊಂಡು ನಕ್ಕರು. ಮೊದಲೆಲ್ಲ ಡಾಕ್ಟರು ಎದುರುತ್ತರ ಕೊಡುತ್ತಿದ್ದರು. ಈ ಮಾತಿಗೆ ಮಾತ್ರ ಕೊಡಲಿಲ್ಲ.

ಆಮೇಲೆ ನಮ್ಮವರ ಕಪ್ಪು ಉಗಿ ಇಂಜಿನ್ನಿನ ಪ್ರಸಂಗ. ಅದು ನಮ್ಮ ಮಧುಚಂದ್ರಕ್ಕೆ ಹೋದಾಗ ಓಸಾಕಾದಲ್ಲಿ ಕೊಂಡದ್ದು; ಆ ಪ್ರವಾಸದ ಫೋಟೋಗಳಲ್ಲಿ ನನಗಿಂತ ಅದರ ಮುಖವೇ ಸ್ಪಷ್ಟವಾಗಿದೆ. ಚಿಪ್ಪಿಲ್ಲದ ಹಳೆಯ ಇಂಜಿನ್ನನ್ನು ತಮ್ಮ ಆಳ್ವಿಕೆಯಲ್ಲಿರುವ ಹಳಿಯ ಮೇಲೆ ಇಟ್ಟರೆ ಅದು ನಿಂತಲ್ಲೇ ಬಿಸಿಯೇರಿ ಸುಡುತ್ತದೆ, ಇಡಬೇಡ ಎಂದು ಡಾಕ್ಟರು ಹೇಳಿದ್ದು ನಿಜ. ನಮ್ಮವರಿಗೆ ಯಾರಾದರೂ ಬೇಡವೆಂದರೆ ಅದು ಬಾ ಎಂದಂತೆ ಕೇಳಿಸುತ್ತದೆ.

"ನನ್ನ ಹಳಿ ಮೇಲೆ ಇಡ್ಬೇಡ ಅಂದ್ನಲ್ಲ!"

"ಹಳಿ ನಿಂದಾಗಿದ್ದು ಯಾವತ್ತು?"

ಇಟ್ಟರು. ಇಂಜಿನ್ನು ಕದಲಲಿಲ್ಲ, ಸೊಳ್ಳೆ ಕಿವಿಯ ಬಳಿ ಸುಳಿದಂತೆ ಗುಂಯ್ ಎನ್ನತೊಡಗಿತು. "ಕೇಳು, ಹಾಡ್ತಿದೆ!" ಎಂದು ನಮ್ಮವರು ಹಿಗ್ಗಿದರು. ತೆಗಿ ಎಂದು ಡಾಕ್ಟರು, ಹಳಿ ಯಾರದು ಮೊದಲು ಹೇಳು ಎಂದು ನಮ್ಮವರು, ಹಳಿ ಕೊಂಡವರು ಯಾರು, ಮೊಳೆ ಹೊಡೆದವರು ಯಾರು, ಐದನೆಯ ಕ್ಲಾಸಿನಲ್ಲಿ ಯಾರ ಪೆನ್ಸಿಲನ್ನು ಯಾರು ಕದ್ದರು ಎಂಬಲ್ಲಿಯವರೆಗೆ ವಾದ ಬೆಳೆಯುವಷ್ಟರಲ್ಲಿ ಹಾಡು ನಿಂತು ಹೊಗೆ ಬಂತು. ಸುಟ್ಟ ವಾಸನೆಗೆ ನಾನು ಓಡಿಹೋದಾಗ ನಮ್ಮವರು ಅದನ್ನು ಅಂಗೈಯಲ್ಲಿ ಹಿಡಿದು, ಬಿಸಿ ತಾಳಲಾರದೆ ಆ ಕೈಯಿಂದ ಈ ಕೈಗೆ ದಾಟಿಸುತ್ತ ನಿಂತಿದ್ದರು.

"ಕೊಂದ್ಬಿಟ್ಟೆಯಲ್ಲೋ ಮುನೆ," ಎಂದರು.

ಆ ದಿನದಿಂದ ಮಾತು ನಿಂತಿತು. ತಾವು ನಡೆಸಿಕೊಟ್ಟ ಕಾರ್ಯಗಳಲ್ಲಿ ಇದು ಅತ್ಯಂತ ಪರಿಣಾಮಕಾರಿಯಾದದ್ದು; ಹೆಂಡತಿಯಾಗಿ ನಾನು ಹಗಲಿರುಳು ಪ್ರಯತ್ನಿಸಿಯೂ ಆ ಇಬ್ಬರ ಬಾಯಿ ಮುಚ್ಚಿಸಲು ಆಗಿರಲಿಲ್ಲ. ಆದರೆ, ಮಾನ್ಯರೇ, ಮಾತು ನಿಂತಿತೇ ಹೊರತು ಹೇಳುವುದು ನಿಲ್ಲಲಿಲ್ಲ. ಎಲ್ಲವೂ ನನ್ನ ಕುರ್ಚಿಗೆ ಬಂತು. ಡಾಕ್ಟರು ಕ್ಷೌರಕ್ಕೆ ಕೂತರೆ, "ನಿಮ್ಮ ಯಜಮಾನ್ರಿಗೆ ಹೇಳಿ ಅತ್ತಿಗೆ, ಸೇತುವೆ ಪಕ್ಕದ ಹಳಿ ಸಡಿಲ ಆಗಿದೆ, ಬಿಗಿ ಮಾಡೋಕೆ" ಎನ್ನುವರು. ಒಳಗಿನ ಕೋಣೆಯಲ್ಲಿ ಚಾಪೆ ಹೊಲಿಯುತ್ತ ಪ್ರತಿ ಅಕ್ಷರವನ್ನೂ ಕೇಳಿಸಿಕೊಂಡ ನಮ್ಮವರು, "ಆ ಗಿರಾಕಿಗೆ ಹೇಳು, ತಲೆಯಿರೋ ಪೆಟ್ಟಿಗೆ ಇದೆಯಲ್ಲ, ಅದೇ ಬಿಗಿ ಮಾಡ್ಕೊಳ್ಳುತ್ತೆ" ಎನ್ನುವರು. ಎರಡನ್ನೂ ನಾನು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದ ಮೇಲೆಯೇ ಅವು ತಲುಪಿದಂತೆ ಲೆಕ್ಕ. ಆ ದಿನಗಳಲ್ಲಿ ನಾನೇ ಹಳಿಯಾಗಿದ್ದೆ. ನನ್ನ ಮೈಮೇಲೆ ಇಬ್ಬರ ವಿದ್ಯುತ್ತೂ ಹರಿಯುತ್ತಿತ್ತು.

ಬೇಸಿಗೆಯ ಕೊನೆಗೆ ಶಿಶುವಿಹಾರದ ಮುಖ್ಯೋಪಾಧ್ಯಾಯಿನಿ ಹಟ್ಟಾ ಅವರು, ಮಕ್ಕಳಿಗೆ ತೋರಿಸಲು ಪುಟ್ಟ ಊರನ್ನು ಸಮುದಾಯ ಭವನಕ್ಕೆ ತರಬಹುದೇ ಎಂದು ಸಂಘವನ್ನು ಕೇಳಿದರು. "ತಲೆಯಿರುವವರೇ ಓಡಿಸಲಿ, ನಾನು ನೋಡ್ತೀನಿ" ಎಂದು ನಮ್ಮವರು ನನ್ನ ಮೂಲಕ ಪ್ರಕಟಣೆ ಹೊರಡಿಸಿದರು. ಹೀಗಾಗಿ ಆ ದಿನದ ಸರ್ವಾಧಿಕಾರ ತಮ್ಮದೇ ಆಯಿತು. ಕಾರ್ಯಕ್ರಮಕ್ಕೆ ಸ್ವಲ್ಪ ಮುಂಚೆ ಡಾಕ್ಟರು ಒಂದು ಇಂಜಿನ್ನಿಗೆ ಹೊಸ ನಂಬರು ಕೊಡಲು ಹೊರಟರು. ಹೆಸರಿಡುವಾಗ ಮಗುವೊಂದನ್ನೇ ತೊಡೆಯ ಮೇಲೆ ಮಲಗಿಸಿಕೊಂಡು ಕಿವಿಯಲ್ಲಿ ಉಸುರಬೇಕು. ಹಾಗೆಯೇ ಬೇರೆ ಇಂಜಿನ್‌ಗಳನ್ನೆಲ್ಲ ಹಳಿಯಿಂದ ಕೆಳಗಿಳಿಸಿ, ಆ ಒಂದಕ್ಕೇ ನಂಬರು ಕೊಡಬೇಕಂತೆ. ಡಾಕ್ಟರು ಇಳಿಸಲು ಮರೆತರು. ತಾವು ಪರಮ ವಿಧೇಯರು. ಕೇಳಿಸಿಕೊಂಡ ಎಲ್ಲ ಮಕ್ಕಳಿಗೂ ಒಂದೇ ಹೆಸರಿಟ್ಟುಬಿಟ್ಟಿರಿ.

ಮಕ್ಕಳು ಹಳದಿ ಟೋಪಿ ಹಾಕಿಕೊಂಡು ಸುತ್ತ ಕೂತರು. ಹಟ್ಟಾ ಅವರು ಮೂರು ಎಣಿಸಿದರು. ಡಾಕ್ಟರು ಗುಂಡಿ ಒತ್ತಿದರು. ಆಗ ಊರಿನ ಎಲ್ಲ ದಿಕ್ಕುಗಳಿಂದ, ನಿಂತಿದ್ದ ಸಾಮಾನು ಗಾಡಿ, ಮಲಗಿದ್ದ ಎಕ್ಸ್‌ಪ್ರೆಸ್, ಶೆಡ್ಡಿನೊಳಗಿನ ಡೀಸೆಲ್ಲು, ಎಲ್ಲವೂ ಒಟ್ಟಿಗೆ ದೀಪ ಹಚ್ಚಿ, ಒಟ್ಟಿಗೆ ಸಿಳ್ಳೆ ಹೊಡೆದು, ಗಂಭೀರವಾಗಿ ಹೊರಟವು. ಅರ್ಧ ರೈಲುಗಳು ಸುರಂಗದ ಈ ಬಾಯಿಂದ, ಇನ್ನರ್ಧ ಆ ಬಾಯಿಂದ ಒಳಹೊಕ್ಕವು. ಓಗಿನೋ ಅವರ ಕೂದಲಿದ್ದ ಬೆಟ್ಟ ಒಮ್ಮೆ ಕುಲುಕಿ, ನಡುವೆ ಬಿರಿದು, ಕೆಳಗೆ ಕುಸಿಯಿತು. ಮಕ್ಕಳು ಎದ್ದುನಿಂತು ಚಪ್ಪಾಳೆ ತಟ್ಟಿದರು. "ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಕೂಗಿದರು.

ಡಾಕ್ಟರು ನಿಲ್ಲಿಸುವ ಗುಂಡಿಗಾಗಿ ತಡಕಾಡುತ್ತಿದ್ದರು. ಬೆರಳು ಒಂದು ಗುಂಡಿಗೆಂದು ಹೋಗಿ ಪಕ್ಕದ ಇನ್ನೊಂದರ ಮೇಲೆ ಬೀಳುತ್ತಿತ್ತು. ಆ ಹೊತ್ತಿಗೆ ನಮ್ಮವರು, ಇಡೀ ಭವನಕ್ಕೆ ಕೇಳುವಂತೆ, "ಕೈಲಾಗದವನ ರೈಲು ಹೀಗೇ ಓಡೋದು!" ಎಂದು ನಕ್ಕರು.

ಡಾಕ್ಟರ ಮುಖ ಸುಣ್ಣದಂತಾಯಿತು. ಮೇಜು ಬಿಟ್ಟು ಹೊರಗೆ ಹೋದರು. ಚಪ್ಪಲಿ ಬದಲಿಸುವುದನ್ನೂ ಮರೆತು, ಭವನದ ಒಳಗೆ ಮಾತ್ರ ತೊಡುವ ಹಸಿರು ಚಪ್ಪಲಿಯಲ್ಲೇ ಮನೆಗೆ ನಡೆದುಹೋದರೆಂದು ಮರುದಿನ ಯಾರೋ ಹೇಳಿದರು.

ಅವರು ಕ್ಷೌರಕ್ಕೆ ಬರುವುದನ್ನೂ ನಿಲ್ಲಿಸಿದರು. ಹೆಂಡತಿ ತೀರಿಕೊಂಡಾಗಲೂ ತಿಂಗಳು ತಪ್ಪಿಸದೆ ಬಂದು ಕೂತಿದ್ದ ಮನುಷ್ಯ. ದಾರಿಯಲ್ಲಿ ಸಿಕ್ಕಾಗ ಅವರ ಕೂದಲು ಕಿವಿ ದಾಟಿತ್ತು. ಇತ್ತ ನಮ್ಮವರು ಸೋಮವಾರಗಳಂದು ಒಬ್ಬರೇ ಮಹಡಿಗೆ ಹೋಗಿ, ಬೆಟ್ಟದ ಬಿರುಕಿಗೆ ಮೆತ್ತಲು ಗಾರೆಯಿಲ್ಲದೆ ಸುಮ್ಮನೆ ಕೂತು, ಇಳಿದು ಬರುತ್ತಿದ್ದರು. "ಗುಂಡಿ ತಿರುಗಿಸಲಿಲ್ಲವೇ?" ಎಂದು ಕೇಳಿದೆ. "ಸ್ವಿಚ್ಚು ಹಾಕ್ತಾ ಗುಂಡಿ ಹಿಡಿಯೋಕೆ ನನಗೇನು ನಾಲ್ಕು ಕೈಯಿದೆಯಾ?" ಎಂದು ನನ್ನ ಮೇಲೆಯೇ ರೇಗಿದರು. ಚಾವಣಿ ಸದ್ದಿಲ್ಲದೆ ಮಲಗಿತು. ನನಗೆ ನಿದ್ದೆ ಬರಲಿಲ್ಲ.

ಹೀಗಿರುವಾಗ ಹಟ್ಟಾ ಅವರು ಮತ್ತೆ ಬಂದರು. ಮಕ್ಕಳು ಬೇರೇನನ್ನೂ ಬಿಡಿಸುತ್ತಿಲ್ಲವಂತೆ, ಬರೀ ರೈಲು ಡಿಕ್ಕಿಯ ಚಿತ್ರಗಳಂತೆ. ದಯವಿಟ್ಟು ಇನ್ನೊಮ್ಮೆ ಪ್ರದರ್ಶನ ಮಾಡಬೇಕಂತೆ. ಆಗಲಿ ಎಂದು ನಾನೇ ಒಪ್ಪಿಕೊಂಡೆ. ಡಾಕ್ಟರಿಗೆ ಓಗಿನೋ ಅವರ ಕೈಲಿ, "ಮಕ್ಕಳ ಮುಂದೆ ಆ ತಲೆ ಹೊತ್ತು ನಿಲ್ಲಬೇಡಿ, ಇವತ್ತೇ ಬನ್ನಿ, ಮನೆಯಲ್ಲಿ ಇವರಿಲ್ಲ" ಎಂದು ಹೇಳಿ ಕಳಿಸಿದೆ. ನಮ್ಮವರಿಗೆ, "ಬನ್ನಿ, ನಿಮ್ಮ ಕತ್ತಿನ ಕೂದಲು ನೋಡಲಾಗುತ್ತಿಲ್ಲ" ಎಂದೆ. ಅಂಗಡಿಯಲ್ಲಿ ನನ್ನದೊಂದು ಕುರ್ಚಿ, ನನ್ನ ಅಪ್ಪನ ಕಾಲದ್ದೊಂದು ಕುರ್ಚಿ. ಡಾಕ್ಟರನ್ನು ಒಂದರಲ್ಲಿ ಕೂರಿಸಿ ಬಿಳಿ ಬಟ್ಟೆ ಹೊದಿಸಿ, ತಲೆ ನೆನೆಸಿದ ಮೇಲೆ ನಮ್ಮವರನ್ನು ಒಳಗಿನಿಂದ ಕರೆದು ಇನ್ನೊಂದರಲ್ಲಿ ಕೂರಿಸಿ, ಅವರ ಕತ್ತಿಗೂ ಬಟ್ಟೆ ಬಿಗಿದೆ. ಒದ್ದೆ ತಲೆಯಲ್ಲಿ ಯಾರೂ ಬೀದಿಗೆ ಓಡುವುದಿಲ್ಲವೆಂಬುದು ನನ್ನ ಕಸುಬು ಕಲಿಸಿದ ಪಾಠ. ಇಬ್ಬರಿಗೂ ಬಲಗಡೆಯ ಅರ್ಧವನ್ನು ಮಾತ್ರ ನೀಟಾಗಿ ಕತ್ತರಿಸಿ, ಕತ್ತರಿಯನ್ನು ಜೇಬಿಗೆ ಹಾಕಿಕೊಂಡೆ.

"ಇದೇನೇ ಇದು?" ಎಂದರು ನಮ್ಮವರು.

"ಅರ್ಧ ಆಯ್ತು. ಇನ್ನರ್ಧ ನೀವಿಬ್ಬರೂ ಮಾತಾಡಿದ ಮೇಲೆ."

"ಅತ್ತಿಗೆ, ತಮಾಷೆ ಸಾಕು."

"ನಾನು ತಮಾಷೆ ಮಾಡೋದಾದ್ರೆ ಹುಬ್ಬನ್ನೂ ಬೋಳಿಸ್ತಿದ್ದೆ ಡಾಕ್ಟ್ರೇ."

ಎದುರಿಗೆ ಉದ್ದನೆಯ ಕನ್ನಡಿ. ಒಬ್ಬರನ್ನೊಬ್ಬರು ನೋಡದೆ ಕೂರುವ ಉಪಾಯವಿರಲಿಲ್ಲ. ಅರ್ಧ ಕತ್ತರಿಸಿದ ಎರಡು ತಲೆಗಳು ಕನ್ನಡಿಯಲ್ಲಿ ದುರುಗುಟ್ಟಿಕೊಂಡವು.

"ನನ್ನ ಇಂಜಿನ್ ಸುಟ್ಟೆ," ಎಂದರು ನಮ್ಮವರು ಕನ್ನಡಿಗೆ.

"ಬೇಡ ಅಂದೆ. ಇಟ್ಟೋನು ನೀನು."

"ಆ ಪೆಟ್ಟಿಗೆ ತರದೇ ಇದ್ದಿದ್ರೆ ಸುಡ್ತಿರ್ಲಿಲ್ಲ. ಏನಾಗಿತ್ತಯ್ಯಾ ಗುಂಡಿಗೆ? ಇಷ್ಟು ವರ್ಷ ಹಿಡಿದ ಗುಂಡಿ! ನಿನ್ನಷ್ಟು ಮೆತ್ತಗೆ ರೈಲು ನಿಲ್ಲಿಸೋನು ಈ ಪ್ರಾಂತ್ಯದಲ್ಲೇ ಇರ್ಲಿಲ್ಲ. ಅಂಥೋನು ಸೋಮಾರಿ ಆಗ್ಬಿಟ್ಟೆ. ನಿನ್ನ ರೈಲು ನೀನೇ ಬಿಚ್ಚದೆ ಹಿರೋಶಿಮಾಕ್ಕೆ..."

ಅಲ್ಲಿಗೆ ಮಾತು ನಿಂತಿತು. ಅವರು ಕನ್ನಡಿಯಲ್ಲಿ ಡಾಕ್ಟರ ಮುಖ ಬಿಟ್ಟು ಕೆಳಗೆ ನೋಡುತ್ತಿದ್ದರು. ಡಾಕ್ಟರ ಮಡಿಲ ಮೇಲೆ ಹರಡಿದ್ದ ಬಿಳಿ ಬಟ್ಟೆ, ಕೆಳಗೆ ಗುಬ್ಬಿಯೊಂದು ಸಿಕ್ಕಿಕೊಂಡಂತೆ, ಬಿಡದೆ ಪಟಪಟಿಸುತ್ತಿತ್ತು.

ನಾನು ಅದನ್ನು ಚಳಿಗಾಲದಿಂದಲೇ ಬಲ್ಲೆ. ಬಿಳಿ ಬಟ್ಟೆಯ ಕೆಳಗಿನದನ್ನು ಕ್ಷೌರದವರು ಹೊರಗೆ ಹೇಳುವುದಿಲ್ಲ. ಹೇಳಲೂ ಇಲ್ಲ, ತೋರಿಸಿದೆ ಅಷ್ಟೆ.

"ಯಾವಾಗಿಂದ?" ಎಂದರು ನಮ್ಮವರು.

"ಮೀನಂಗಡಿಯವನ ಹಲ್ಲು ಕೀಳ್ತಿದ್ದಾಗ ಶುರುವಾಯ್ತು. ಪಕ್ಕದ ಹಲ್ಲಿಗೆ ಇಕ್ಕಳ ಹಾಕಿದೆ. ಕೀಳ್ಲಿಲ್ಲ, ಪುಣ್ಯಕ್ಕೆ. ಸಂಜೆಯೇ ಬಾಗಿಲು ಹಾಕಿದೆ." ಡಾಕ್ಟರು ನಕ್ಕಂತೆ ಮಾಡಿದರು. "ಗುಂಡಿ ಹಿಡಿದ್ರೆ ರೈಲು ಕುಪ್ಪಳಿಸುತ್ತೆ ಕಣೋ ಶಿಗೆ. ಕಪ್ಪೆ ಥರ. ಆ ಪೆಟ್ಟಿಗೆಗೆ ಒಂದ್ಸಲ ಒತ್ತಿದ್ರೆ ಸಾಕು, ಅದೇ ಮೆಲ್ಲಗೆ ಹೊರಡುತ್ತೆ, ಮೆಲ್ಲಗೆ ನಿಲ್ಲುತ್ತೆ. ನನ್ನ ಕೈ ಮೊದ್ಲು ಮಾಡ್ತಿದ್ದ ಹಾಗೇ."

"ಹೇಳ್ಬಾರ್ದಿತ್ತಾ?"

"ನೀನು ಪಕ್ಕದಲ್ಲಿ ಸ್ವಿಚ್ಚು ಹಾಕ್ತಾ ನಿಂತಿರ್ತೀಯ. ನಿನ್ನ ಮುಂದೆ ಕಪ್ಪೆ ಕುಣಿಸಲಾ?"

ಮಾನ್ಯರೇ, ನಮ್ಮ ಯಜಮಾನರು ಕ್ಷಮೆ ಕೇಳಿದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ, ಅಂದೂ ಕಾಣಲಿಲ್ಲ. ಅವರು ಬಟ್ಟೆ ಹೊದ್ದಂತೆಯೇ, ಅರ್ಧ ತಲೆಯಲ್ಲೇ ಎದ್ದು ಮಹಡಿಗೆ ಹೋಗಿ, ಸುಟ್ಟ ಕಪ್ಪು ಇಂಜಿನ್ನನ್ನು ತಂದು ಡಾಕ್ಟರ ಮಡಿಲಲ್ಲಿ ಇಟ್ಟರು.

"ಇದರ ಹೊಟ್ಟೆ ಸೀಳು. ಮೋಟಾರು ಬದಲಿಸು. ಆ ನಿನ್ನ ಚಿಪ್ಪೋ ಗಿಪ್ಪೋ, ಅದನ್ನೂ ತುರುಕು."

"ನೋಡಿದ್ಯಲ್ಲೋ. ನನ್ನ ಕೈ..."

"ಕೈ ನಂದು. ಬಾಯಿ ನಿಂದು. ನೀನು ಹೇಳು, ನಾನು ಮಾಡ್ತೀನಿ. ಫುಸಾಯೊ, ಇನ್ನರ್ಧ ಕತ್ತರಿಸೇ, ಕೆಲಸ ಇದೆ."

ಆ ಶಸ್ತ್ರಚಿಕಿತ್ಸೆಯನ್ನು ತಾವು ಪಕ್ಕದಲ್ಲೇ ಇದ್ದು ಕಂಡಿದ್ದೀರಿ. ಚಾಪೆಯ ದಪ್ಪ ಸೂಜಿ ಹಿಡಿದು ಒರಟಾದ ಬೆರಳುಗಳಲ್ಲಿ ಕೂದಲೆಳೆಯಷ್ಟು ತಂತಿ. ಪಕ್ಕದಲ್ಲಿ ಹಣೆಗೆ ದೀಪ ಕಟ್ಟಿಕೊಂಡ ಡಾಕ್ಟರು. "ಎಡಕ್ಕೆ. ಎಡಕ್ಕೆ ಅಂದೆ. ಅದು ನಿನ್ನ ಎಡ ಅಲ್ಲ, ಹಲ್ಲಿನ ಎಡ!" "ಹಲ್ಲೆಲ್ಲಿದೆಯೋ ಇದಕ್ಕೆ?" ಒಂದು ಚಿಪ್ಪು ಸುಟ್ಟರು, ಇನ್ನೊಂದನ್ನು ಕಳೆದರು, ಮೂರನೆಯದು ಸರಿಯಾಗಿ ಕೂತಿತು. ಕಪ್ಪು ಇಂಜಿನ್ನು ತಮ್ಮ ಅಪ್ಪಣೆಯಂತೆ, ಹಾಲು ತುಂಬಿದ ಪಾತ್ರೆ ಹೊತ್ತವಳಂತೆ ಮೆಲ್ಲಗೆ ನಿಲ್ದಾಣ ಬಿಟ್ಟು ಹೊರಟಾಗ ನಮ್ಮವರು ಕತ್ತು ಓರೆ ಮಾಡಿ ನೋಡಿ, "ಪರವಾಗಿಲ್ಲ" ಎಂದರು. ಈ ಮಾತನ್ನು ಅವರು ನನ್ನ ಅಡುಗೆಗೂ ಅಪರೂಪಕ್ಕೆ ಹೇಳುತ್ತಾರೆ. ಎರಡನೆಯ ಪ್ರದರ್ಶನದಲ್ಲಿ ಒಂದು ರೈಲೂ ಹಳಿ ತಪ್ಪದೆ ಓಡಿ ಮಕ್ಕಳು ಮುಖ ಜೋಲು ಹಾಕಿದ್ದನ್ನು ಕಂಡು, ಡಾಕ್ಟರು ಬೇಕೆಂದೇ ಇನ್ನೊಂದು ಸಾಮೂಹಿಕ ನಾಮಕರಣ ನಡೆಸಿದ್ದು, ಹೊಸದಾಗಿ ಮೆತ್ತಿದ ಬೆಟ್ಟವನ್ನು ನಮ್ಮವರೇ ಸಡಿಲ ಮಾಡಿಟ್ಟಿದ್ದು ಪ್ರತ್ಯೇಕ ವಿಷಯ.

ಹಾಗಿದ್ದ ಮೇಲೆ ದೂರೇನು ಎಂದು ತಾವು ಕೇಳಬಹುದು. ಈಗ ಹೇಳುತ್ತೇನೆ.

ನಮ್ಮವರು ಗುಂಡಿಯನ್ನು ಬಿಟ್ಟುಕೊಡಲಿಲ್ಲ. ಡಾಕ್ಟರು ತಮ್ಮನ್ನು ಬಿಟ್ಟುಕೊಡಲಿಲ್ಲ. ಎರಡೂ ವಿದ್ಯುತ್ತು ಒಟ್ಟಿಗೆ ಹಳಿಗೆ ಹರಿದರೆ ಗುಂಡಿಯೂ ತಾವೂ ಒಟ್ಟಿಗೇ ಸ್ವರ್ಗವಾಸಿಗಳಾಗುತ್ತೀರಂತೆ. ಆದ್ದರಿಂದ ಗೋಡೆಗೆ ಒಂದು ದೊಡ್ಡ ಸ್ವಿಚ್ಚು ಹಾಕಿದ್ದಾರೆ. ಮೇಲೆತ್ತಿದರೆ ಗುಂಡಿ, ಕೆಳಗಿಳಿಸಿದರೆ ತಾವು. ಆ ಸ್ವಿಚ್ಚನ್ನು ಇನ್ನೊಬ್ಬನ ಕೈಗೆ ಕೊಡಲು ಇಬ್ಬರಿಗೂ ನಂಬಿಕೆಯಿಲ್ಲ. ಓಗಿನೋ ಅವರಿಗೆ ಕೊಟ್ಟರೆ ಅವರು ಅದನ್ನು ನಟ್ಟನಡುವೆ ನಿಲ್ಲಿಸುತ್ತಾರೆ. ಕೊನೆಗೆ ಅಧಿಕಾರ ನನಗೆ ಬಂತು. ಈಗ ಸೋಮವಾರ ಮಾತ್ರವಲ್ಲ, ನಿತ್ಯವೂ ರೈಲು. ಗಿರಾಕಿಯ ಕೆನ್ನೆಗೆ ನೊರೆ ಹಚ್ಚಿ ಕತ್ತಿ ಎತ್ತಿದ್ದೇನೆ ಎನ್ನುವಾಗ ಮೇಲಿನಿಂದ "ಫುಸಾಯೊ, ಮೇಲೆತ್ತು!" ಎಂದು ಒಂದು ದನಿ; ಇಳಿದು ಬಂದು ಒಂದು ಕೆನ್ನೆ ಮುಗಿಸುವಷ್ಟರಲ್ಲಿ "ಅತ್ತಿಗೆ, ಕೆಳಗಿಳಿಸಿ!" ಎಂದು ಇನ್ನೊಂದು. ಸಂಪ್ರದಾಯ ಒಳ್ಳೆಯದೋ ಡಿಜಿಟಲ್ಲು ಒಳ್ಳೆಯದೋ ನಾನರಿಯೆ. ಎರಡರ ನಡುವಿನ ಮೆಟ್ಟಿಲು ಬಹಳ ಕಡಿದು ಎಂಬುದನ್ನು ಮಾತ್ರ ನನ್ನ ಮಂಡಿಗಳು ಬಲ್ಲವು.

ಆದಕಾರಣ ತಮ್ಮಲ್ಲಿ ಕೆಲವು ವಿನಂತಿಗಳು. ತಾವು ಪ್ರತಿ ಇಂಜಿನ್ನಿಗೂ ಒಂದು ನಂಬರು ಕೊಟ್ಟು ಅದನ್ನೊಂದನ್ನೇ ಓಡಿಸಬಲ್ಲಿರಾದ್ದರಿಂದ, ದಯವಿಟ್ಟು ನಮ್ಮ ಯಜಮಾನರಿಗೂ ಒಂದು ನಂಬರು ಕೊಡಿಸಿ. ಪುರಸಭೆಯವರು ಸುಡುವ ಕಸ ಒಯ್ಯುವ ದಿನ ಬೆಳಗ್ಗೆ ಆ ನಂಬರನ್ನು ಒತ್ತಿದರೆ ಅವರು ದೀಪ ಹಚ್ಚಿ, ಸಿಳ್ಳೆ ಹೊಡೆದು, ಚೀಲ ಹಿಡಿದು ಬೀದಿಯ ಮೂಲೆಗೆ ಹೊರಡುವಂತಾಗಲಿ. ಡಾಕ್ಟರಿಗೂ ಒಂದು ಕೊಡಿ, ರಾತ್ರಿಯೂಟದ ಹೊತ್ತಿಗೆ ಅವರು ತಮ್ಮ ಮನೆಯ ಶೆಡ್ಡಿಗೆ ಹಿಂದಿರುಗುವಂತೆ; ಅವರಿಗೂ ಸೇರಿಸಿ ಅಕ್ಕಿ ತೊಳೆಯುವುದು ಈಗ ನನಗೆ ಅಭ್ಯಾಸವಾಗಿಬಿಟ್ಟಿದೆ ಎಂಬುದನ್ನು ಅವರಿಗೆ ತಿಳಿಸಬೇಡಿ. ತಮ್ಮ ಮೈಮೇಲಿರುವ ಕೆಂಪು ಗುಂಡಿ, ಒತ್ತಿದ ಕೂಡಲೇ ಎಲ್ಲವನ್ನೂ ನಿಲ್ಲಿಸುವ ಆ ಗುಂಡಿಯ ಒಂದು ತಂತಿಯನ್ನು ಕೆಳಗೆ ನನ್ನ ಕನ್ನಡಿಯ ಪಕ್ಕಕ್ಕೂ ಎಳೆಸಿಕೊಡಿ. ಐದನೆಯ ಕ್ಲಾಸಿನ ಪೆನ್ಸಿಲಿನ ಮಾತು ಬಂದಾಗ ಮಾತ್ರ ಒತ್ತುತ್ತೇನೆ ಎಂದು ಮಾತು ಕೊಡುತ್ತೇನೆ. ಮತ್ತು ನಡುಗುವ ಬೆರಳಿನ ಒಂದು ಒತ್ತನ್ನು ಅಷ್ಟು ಮೆತ್ತನೆಯ ಓಟವಾಗಿ ಮಾಡುವ ವಿದ್ಯೆ ತಮಗಿರುವುದರಿಂದ, ಅದನ್ನು ಅನ್ನ ತಿನ್ನುವ ಕಡ್ಡಿಗಳಿಗೂ ಚಹಾ ಬಟ್ಟಲಿಗೂ ವಿಸ್ತರಿಸಲು ಸಾಧ್ಯವೇ ಎಂದು ಯೋಚಿಸಿ. ಇದನ್ನು ಮಾತ್ರ ನಾನು ತಮಾಷೆಗೆ ಕೇಳುತ್ತಿಲ್ಲ.

ಎಣ್ಣೆ ಒಲೆಯನ್ನು ಈ ಚಳಿಗಾಲಕ್ಕೆ ತಾವೇ ಇಟ್ಟುಕೊಳ್ಳಿ. ಹತ್ತಿ ಇಳಿದು ನನಗೆ ಸಾಕಷ್ಟು ಬೆವರು ಬರುತ್ತಿದೆ.

ತಮ್ಮ ಹಸಿರು ಕಣ್ಣುಗಳ ಕೃಪೆಯನ್ನು ಬೇಡುತ್ತ,

ತಮ್ಮ ವಿಶ್ವಾಸಿ,
ಕಾಜಿತಾನಿ ಫುಸಾಯೊ
ಹಿಗಾಶಿಮಾಚಿ ಅಂಗಡಿಬೀದಿ

ತಾ.ಕ.: ಈ ಕಾಗದವನ್ನು ಮಡಿಸುವಷ್ಟರಲ್ಲಿ ತಮ್ಮ ಕಂಪನಿಯಿಂದ ಡಾಕ್ಟರಿಗೆ ಒಂದು ಓಲೆ ಬಂತು. ತಮ್ಮ ಮಾದರಿಯನ್ನು ತಯಾರಿಸುವುದನ್ನು ನಿಲ್ಲಿಸಿದ್ದಾರಂತೆ. ಇನ್ನು ಮುಂದೆ ತಮಗೆ ಬಿಡಿಭಾಗವೂ ಇಲ್ಲ, ರಿಪೇರಿಯೂ ಇಲ್ಲ. ತಂತಿಯೇ ಇಲ್ಲದ, ಬರೀ ಫೋನಿನಿಂದ ನಡೆಯುವ ಹೊಸಬರು ಬಂದಿದ್ದಾರೆ, ತಮ್ಮನ್ನು ಬಿಸಾಕಿ ಅವರನ್ನು ಕೊಳ್ಳಬೇಕಂತೆ. ಅದನ್ನು ಓದಿ ಡಾಕ್ಟರು, "ಈ ಹೊಸದನ್ನೆಲ್ಲ ಹೆಂಗಯ್ಯಾ ನಂಬೋದು? ಹಳೇದರಲ್ಲಿ ಒಂದು ಹದ ಇರುತ್ತೆ" ಎಂದು ಮೇಜು ಗುದ್ದಿದರು. ನಮ್ಮವರು ಎದ್ದು ಹೋಗಿ, ಟಟಾಮಿಯ ಅಂಚಿನ ಪಟ್ಟಿಯಲ್ಲಿ ತಮಗೊಂದು ಧೂಳುಬಟ್ಟೆ ಹೊಲಿದು ತಂದು ಹೊದಿಸಿದರು. ಸಂಪ್ರದಾಯ ಪಕ್ಷಕ್ಕೆ ತಮಗೆ ಸ್ವಾಗತ.